ಮೆಕಾಲೆಯ ಎದುರು, ರಾಮಾನುಜನ್ ಜಾಡಿನಲ್ಲಿ: ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು

ಭಾನುವಾರ

ಎಂಟನೇ ಹೆನ್ರಿ ದೊರೆ ಒಂದು ಕೈಯಲ್ಲಿ ಗೋಳ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಕುರ್ಚಿಯ ಕಾಲು. ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲ ಮೇಲಿನ ಗೂಡಿನಲ್ಲಿ ನಿಂತಿರುವ ಈ ಮೂರ್ತಿಗೆ ಮೊದಲು ರಾಜದಂಡವೇ ಇತ್ತಂತೆ. ಯಾವುದೋ ಕಾಲದ ತುಂಟ ಹುಡುಗರು ಅದನ್ನು ಕಿತ್ತು ಕುರ್ಚಿಯ ಕಾಲೊಂದನ್ನು ಸಿಕ್ಕಿಸಿದರು. ಕಾಲೇಜಿನವರು ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಆರು ಹೆಂಡಿರ ದೊರೆಗೆ ಇದೇ ಸರಿಯಾದ ಆಯುಧ ಅನ್ನಿಸಿತು ನನಗೆ.

ಪಿಯುಸಿ ಮಕ್ಕಳಿಗೆ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ತಮ್ಮನ ಮಗ ಈ ಊರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾನೆ. "ಲಂಡನ್ನಲ್ಲಿ ಅರಮನೆ ಗಡಿಯಾರ ನೋಡಿ ಏನ್ ಮಾಡ್ತೀರಿ ಅತ್ತೆ, ನಿಮ್ಮ ರಾಮಾನುಜನ್ ಇದ್ದ ಊರಿಗೆ ಬನ್ನಿ" ಅಂದ. ಕಿಂಗ್ಸ್ ಕ್ರಾಸಿನಲ್ಲಿ ರೈಲು ಹತ್ತಿದರೆ ಒಂದು ಗಂಟೆಯ ದಾರಿಯೂ ಅಲ್ಲ. ಅಕ್ಟೋಬರ್ ತಿಂಗಳು. ಹೊಸ ವಿದ್ಯಾರ್ಥಿಗಳು ಸೂಟ್‌ಕೇಸು ಎಳೆದುಕೊಂಡು ಕಲ್ಲುಹಾಸಿನ ಬೀದಿಯಲ್ಲಿ ಕಟಕಟ ಸದ್ದು ಮಾಡುತ್ತಾ ಓಡಾಡುತ್ತಿದ್ದರು.

ಕೇಂಬ್ರಿಡ್ಜ್ ಅಂದರೆ ಒಂದು ದೊಡ್ಡ ಆವರಣ, ಒಂದು ದೊಡ್ಡ ಗೇಟು ಎಂದುಕೊಂಡು ಬರುವವರಿಗೆ ನಿರಾಸೆ ಕಾದಿದೆ. ಊರಿನ ತುಂಬ ಮೂವತ್ತೊಂದು ಕಾಲೇಜುಗಳು ಹರಡಿಕೊಂಡಿವೆ. ಪ್ರತಿಯೊಂದಕ್ಕೂ ಅದರದೇ ಆಸ್ತಿ, ಅದರದೇ ಅಡುಗೆಮನೆ; ಬಹುಪಾಲು ಕಾಲೇಜುಗಳಿಗೆ ತಮ್ಮದೇ ಪೂಜಾಮಂದಿರ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಉಣ್ಣುವುದು, ಮಲಗುವುದು, ಗುರುಗಳ ಎದುರು ಕೂತು ಬೈಸಿಕೊಳ್ಳುವುದು ಕಾಲೇಜಿನಲ್ಲಿ.

ಟ್ರಿನಿಟಿಗೆ ಸನ್ನದು ಸಿಕ್ಕಿದ್ದು 1546ರ ಡಿಸೆಂಬರಿನಲ್ಲಿ. ತಿಂಗಳೊಪ್ಪತ್ತಿನೊಳಗೆ ಹೆನ್ರಿ ಕಣ್ಣು ಮುಚ್ಚಿದ. ಅದಕ್ಕೂ ಮುಂಚೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಜಮೀನು ನುಂಗಿದ್ದವನು ಅವನು. ಇನ್ನು ಕಾಲೇಜುಗಳ ಸರದಿ ಎಂದು ಕೇಂಬ್ರಿಡ್ಜಿನವರು ನಡುಗುತ್ತಿದ್ದರು. ರಾಣಿ ಕ್ಯಾಥರೀನ್ ಪಾರ್ ಗಂಡನ ಮನಸ್ಸು ತಿರುಗಿಸಿದಳು ಎನ್ನುತ್ತಾರೆ. ಅಂತೂ ಅವನು 1324ರ ಮೈಕೆಲ್‌ಹೌಸ್, ಅದಕ್ಕೂ ಹಿಂದಿನ ಮೂಲವಿದ್ದ ಕಿಂಗ್ಸ್ ಹಾಲ್ ಎಂಬ ಎರಡು ಹಳೆಯ ಕಾಲೇಜುಗಳನ್ನು ಸೇರಿಸಿ, ಮಠಗಳಿಂದ ಕಿತ್ತುಕೊಂಡ ಭೂಮಿಯಲ್ಲೇ ಒಂದು ಪಾಲು ಕೊಟ್ಟು, ಹೊಸ ಹೆಸರಿಟ್ಟ. ಹೆಬ್ಬಾಗಿಲು ಕೂಡ ಅವನದಲ್ಲ, ಕಿಂಗ್ಸ್ ಹಾಲಿನದು. ಇವತ್ತು ಊರಿನ ಕಾಲೇಜುಗಳಲ್ಲೆಲ್ಲ ಸಿರಿವಂತ ಕಾಲೇಜು ಇದೇ.

ಬಾಗಿಲ ಪಕ್ಕದ ಸಣ್ಣ ಹುಲ್ಲುಹಾಸಿನಲ್ಲಿ ಒಂದು ಸೇಬಿನ ಮರ. ಅದರ ಎದುರು ಫೋಟೋ ತೆಗೆಸಿಕೊಳ್ಳುವವರ ಸಾಲು. ನ್ಯೂಟನ್ ತಲೆಯ ಮೇಲೆ ಹಣ್ಣು ಬಿದ್ದ ಮರ ಇದೇ ಎಂದು ಒಬ್ಬ ತಂದೆ ಮಗಳಿಗೆ ಹೇಳುತ್ತಿದ್ದ. ಮರದ ವಯಸ್ಸು ಅಷ್ಟಿಲ್ಲ. ನ್ಯೂಟನ್ನನ ಹುಟ್ಟೂರು ವುಲ್ಸ್‌ಥಾರ್ಪಿನ ಹಳೆಯ ಮರದ ಕಸಿ ತಂದು 1954ರಲ್ಲಿ ನೆಟ್ಟಿದ್ದು. ತಲೆಯ ಮೇಲೆ ಬಿದ್ದ ಕಥೆಯೂ ಆಮೇಲೆ ಸೇರಿಕೊಂಡ ಒಗ್ಗರಣೆ. ಹಣ್ಣು ಬೀಳುವುದನ್ನು ನೋಡಿದೆ ಎಂದಷ್ಟೇ ಅವನು ಮುಪ್ಪಿನಲ್ಲಿ ಹೇಳಿಕೊಂಡಿದ್ದು.

ಸಂಜೆ ಕ್ಯಾಮ್ ನದಿಯ ಮೇಲೆ ದೋಣಿ ವಿಹಾರ. ಚಪ್ಪಟೆ ತಳದ ಪಂಟ್ ದೋಣಿ. ಹಿಂದೆ ನಿಂತವನು ಉದ್ದನೆಯ ಗಳು ಊರುತ್ತಾ ತಳ್ಳುತ್ತಾನೆ. ಕ್ವೀನ್ಸ್ ಕಾಲೇಜಿನ ಮರದ ಸೇತುವೆಯ ಕೆಳಗೆ ಬಂದಾಗ, ಇದನ್ನು ನ್ಯೂಟನ್ ಒಂದೂ ಮೊಳೆಯಿಲ್ಲದೆ ಕಟ್ಟಿದ ಅಂದ ದೋಣಿಯ ಹುಡುಗ. ಸೇತುವೆ ಕಟ್ಟಿದ್ದು 1749ರಲ್ಲಿ. ನ್ಯೂಟನ್ ತೀರಿಕೊಂಡು ಆಗಲೇ 22 ವರ್ಷ. ಹೇಳೋಣವೇ ಎಂದು ಬಾಯಿ ತೆರೆದೆ. ತಮ್ಮನ ಮಗ ನನ್ನ ಸೆರಗು ಜಗ್ಗಿದ.

ಸೋಮವಾರ

ಟಿಕೆಟ್ ಕೊಂಡು ಒಳಗೆ ಕಾಲಿಟ್ಟರೆ ಗ್ರೇಟ್ ಕೋರ್ಟ್. ಸುಮಾರು ಎರಡು ಎಕರೆಯ ಅಂಗಳ, ನಾಲ್ಕೂ ಕಡೆ ಜೇನುಬಣ್ಣದ ಕಟ್ಟಡಗಳು, ನಡುವೆ 1602ರ ಕಾರಂಜಿ. 1593ರಿಂದ 1615ರವರೆಗೆ ಇಲ್ಲಿ ಮಾಸ್ಟರ್, ಎಂದರೆ ಮುಖ್ಯಸ್ಥನಾಗಿದ್ದ ಥಾಮಸ್ ನೆವಿಲ್‌ಗೆ ಅಂಗಳ ಚೊಕ್ಕವಾಗಿ ಕಾಣಬೇಕಿತ್ತು. ಅಡ್ಡಬಂದ ಕಟ್ಟಡಗಳನ್ನು ಕೆಡವಿಸಿದ. ಗಡಿಯಾರ ಗೋಪುರವನ್ನೇ ಕಿತ್ತು ಚಾಪೆಲಿನ, ಎಂದರೆ ಕಾಲೇಜಿನ ಪೂಜಾಮಂದಿರದ, ಪಕ್ಕಕ್ಕೆ ಒಯ್ದ. ಅಷ್ಟಾಗಿಯೂ ಅಂಗಳ ಚೌಕವಾಗಿಲ್ಲ. ಬರಿಗಣ್ಣಿಗೇ ತಿಳಿಯುತ್ತದೆ, ಮೂಲೆಗಳು ಲಂಬಕೋನವಲ್ಲ.

ಹುಲ್ಲಿನ ಮೇಲೆ ಕಾಲಿಡುವಂತಿಲ್ಲ. ಆ ಹಕ್ಕು ಫೆಲೋಗಳಿಗೆ ಮಾತ್ರ. ಬೋಲರ್ ಟೋಪಿಯ ಪೋರ್ಟರ್, ಎಂದರೆ ಕಾಲೇಜಿನ ಕಾವಲುಗಾರ, ದೂರದಿಂದಲೇ ಕಣ್ಣಿಟ್ಟಿರುತ್ತಾನೆ. ಫೆಲೋ ಎಂದರೆ ಕಾಲೇಜಿನ ಆಡಳಿತದಲ್ಲಿ ಪಾಲಿರುವ ವಿದ್ವಾಂಸ. ಊಟ, ಕೋಣೆ, ಗೌರವಧನ ಜೊತೆಗೆ ಈ ಹುಲ್ಲು. ನಗು ಬರುವ ಮಾತೇ. ಆದರೆ ಯಾರಿಗೆ ಆ ಹುಲ್ಲು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಲೆಕ್ಕ ಹಾಕುತ್ತಾ ಹೋದರೆ ಕಾಲೇಜಿನ ಚರಿತ್ರೆಯೇ ಕೈಗೆ ಬರುತ್ತದೆ. ಹೆಂಗಸರನ್ನು ಸಂಶೋಧನೆಗೆ ಸೇರಿಸಿಕೊಂಡಿದ್ದು 1976ರಲ್ಲಿ, ಪದವಿ ತರಗತಿಗೆ 1978ರಲ್ಲಿ. ಅದೇ ಊರಿನ ನ್ಯೂನ್‌ಹ್ಯಾಮ್ ಕಾಲೇಜಿನ ಫಿಲಿಪ್ಪಾ ಫಾಸೆಟ್ 1890ರಲ್ಲೇ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಗಂಡಸರಲ್ಲಿ ಮೊದಲಿಗನಾದ ಸೀನಿಯರ್ ರ‍್ಯಾಂಗ್ಲರನಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಪದವಿ ಮಾತ್ರ ಕೊಡಲಿಲ್ಲ; ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ತಿ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಟ್ರಿನಿಟಿಗೆ ಮೊದಲ ಮಹಿಳಾ ಮಾಸ್ಟರ್ ಬಂದಿದ್ದು 2019ರಲ್ಲಿ, ಡೇಮ್ ಸ್ಯಾಲಿ ಡೇವೀಸ್. ನಮ್ಮ ಜಿಲ್ಲೆಯ ಪಿಯು ಕಾಲೇಜುಗಳಲ್ಲಿ ಗಣಿತ ಹೇಳುವ ಹೆಂಗಸರ ಪಟ್ಟಿ ತೆಗೆದರೆ ಇವರಿಗಿಂತ ನಾವೇ ಮುಂದೆ.

ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರ ಹೊಡೆಯಿತು. ಮೊದಲು ದಪ್ಪ ದನಿಯಲ್ಲಿ ಹನ್ನೆರಡು, ಮತ್ತೆ ತೆಳು ದನಿಯಲ್ಲಿ ಹನ್ನೆರಡು. ಒಂದು ನಮಗೆ, ಒಂದು ಪಕ್ಕದ ಸೇಂಟ್ ಜಾನ್ಸ್ ಕಾಲೇಜಿಗೆ ಎಂದು ಇಲ್ಲಿಯವರ ಚಟಾಕಿ. ಈ ಇಪ್ಪತ್ನಾಲ್ಕು ಏಟು ಮುಗಿಯುವುದರೊಳಗೆ ಅಂಗಳವನ್ನು ಒಂದು ಸುತ್ತು ಓಡಿ ಮುಗಿಸುವ ಪಂದ್ಯ ಹುಡುಗರಲ್ಲಿ ಇವತ್ತಿಗೂ ಇದೆ. ಮುನ್ನೂರೈವತ್ತು ಮೀಟರಿಗೂ ಮೇಲಿನ ದೂರ, ಸಿಗುವುದು ಮುಕ್ಕಾಲು ನಿಮಿಷಕ್ಕೂ ಕಡಿಮೆ. 1927ರಲ್ಲಿ ಲಾರ್ಡ್ ಬರ್ಲಿ ಗೆದ್ದ. ಮರುವರ್ಷ ಅವನೇ 400 ಮೀಟರ್ ಹರ್ಡಲ್ಸಿನಲ್ಲಿ ಒಲಿಂಪಿಕ್ ಚಿನ್ನ ತಂದ.

ಹೆಬ್ಬಾಗಿಲಿಗೂ ಚಾಪೆಲಿಗೂ ನಡುವಿನ ಮೊದಲ ಮಹಡಿಯಲ್ಲಿ ನ್ಯೂಟನ್ ಇದ್ದ. 1661ರಲ್ಲಿ ಸೇರಿದಾಗ ಅವನು ಸಬ್‌ಸೈಜರ್, ಅಂದರೆ ಫೀಸಿಗೆ ಬದಲು ದೊಡ್ಡವರ ಸೇವೆ ಮಾಡುವ ಬಡ ವಿದ್ಯಾರ್ಥಿ. ಊಟ ಬಡಿಸುವುದು, ಮಿಕ್ಕಿದ್ದನ್ನು ಉಣ್ಣುವುದು. ನಮ್ಮಲ್ಲಿ ವಾರಾನ್ನ ಮಾಡಿಕೊಂಡು ಓದಿದವರ ಹಾಗೇ. 1665ರಲ್ಲಿ ಪ್ಲೇಗು ಬಂದು ಕಾಲೇಜು ಮುಚ್ಚಿದಾಗ ಊರಿಗೆ ಹೋದವನು ಕಲನಶಾಸ್ತ್ರ, ಬೆಳಕಿನ ಬಣ್ಣ, ಗುರುತ್ವ ಮೂರಕ್ಕೂ ಬೀಜ ಹಾಕಿಕೊಂಡು ಬಂದ. 1667ರಲ್ಲಿ ಫೆಲೋ, 1669ರಲ್ಲಿ ಪ್ರಾಧ್ಯಾಪಕ. ಇಲ್ಲೊಂದು ಗುಟ್ಟಿದೆ. ಫೆಲೋ ಆದವನು ಕೆಲವು ವರ್ಷದಲ್ಲಿ ಪಾದ್ರಿಯ ದೀಕ್ಷೆ ತೆಗೆದುಕೊಳ್ಳಬೇಕೆಂಬ ನಿಯಮ ಆಗ. ನ್ಯೂಟನ್ನನಿಗೋ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯದಲ್ಲೇ ನಂಬಿಕೆ ಇರಲಿಲ್ಲ. ಆ ತ್ರಯೈಕ್ಯದ ಹೆಸರಿನ ಕಾಲೇಜಿನಲ್ಲೇ ಕೂತು, ಬಾಯಿಬಿಡದೆ, 1675ರಲ್ಲಿ ದೊರೆಯಿಂದ ವಿನಾಯಿತಿ ತರಿಸಿಕೊಂಡ. ಬಾಯಿಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತು.

ಒಳಗಿನ ನೆವಿಲ್ಸ್ ಕೋರ್ಟಿನ ಕಂಬಸಾಲಿನ ಕೈಸಾಲೆಯಲ್ಲಿ ಅವನು ಕಾಲು ಬಡಿದು, ಮಾರ್ದನಿ ಬರಲು ಹಿಡಿಯುವ ಹೊತ್ತನ್ನು ಅಳೆದು, ಶಬ್ದದ ವೇಗ ಲೆಕ್ಕ ಹಾಕಿದನಂತೆ. ಆ ಕೈಸಾಲೆಯಲ್ಲಿ ಚಪ್ಪಾಳೆ ತಟ್ಟಿ ನೋಡದೆ ಬರುವವರಿಲ್ಲ. ನಾನೂ ತಟ್ಟಿದೆ.

ಅಂಗಳದ ಪಶ್ಚಿಮಕ್ಕೆ ಮಾಸ್ಟರ್ಸ್ ಲಾಡ್ಜ್. 1998ರಿಂದ 2004ರವರೆಗೆ ಆ ಮನೆಯಲ್ಲಿದ್ದವರು ಅಮರ್ತ್ಯ ಸೇನ್. 1953ರಲ್ಲಿ ಇದೇ ಕಾಲೇಜಿಗೆ ವಿದ್ಯಾರ್ಥಿಯಾಗಿ ಬಂದಿದ್ದವರು. ಒಮ್ಮೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಅವರು ಮನೆ ವಿಳಾಸ ಎಂದು 'ಮಾಸ್ಟರ್ಸ್ ಲಾಡ್ಜ್, ಟ್ರಿನಿಟಿ ಕಾಲೇಜ್' ಅಂತ ಬರೆದುಕೊಟ್ಟರೆ, ವಲಸೆ ಅಧಿಕಾರಿ ಪಾಸ್‌ಪೋರ್ಟ್ ತಿರುಗಿಸಿ ಮುರುಗಿಸಿ, ಮಾಸ್ಟರ್ ನಿಮಗೆ ಆಪ್ತ ಸ್ನೇಹಿತರೇ ಎಂದು ಕೇಳಿದನಂತೆ. ನನಗೆ ನಾನು ಸ್ನೇಹಿತನೇ ಎಂದು ತತ್ವಶಾಸ್ತ್ರದ ಯೋಚನೆಗೆ ಬಿದ್ದೆ ಎಂದು ಸೇನ್ ಅವರೇ ಬರೆದುಕೊಂಡಿದ್ದಾರೆ.

ಕವಿ ಬೈರನ್ ಇಲ್ಲಿ ಕರಡಿ ಸಾಕಿದ್ದ. ನಾಯಿ ಸಾಕಬಾರದು ಎಂದು ನಿಯಮದಲ್ಲಿದೆ, ಕರಡಿಯ ಮಾತೇ ಇಲ್ಲವಲ್ಲ ಎಂಬುದು ಅವನ ವಾದ. ಇಂಥವರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಎಲ್ಲರೂ ಲಾರ್ಡ್ ಆಗಿರುವುದಿಲ್ಲ ಅಷ್ಟೆ.

ಮಂಗಳವಾರ

ಈ ದಿನವನ್ನು ರಾಮಾನುಜನ್‌ಗೆಂದು ಇಟ್ಟುಕೊಂಡಿದ್ದೆ. ಹುಡುಗನಿಗೆ ಕೆಲಸವಿತ್ತು. "ಛತ್ರಿ ಮರೀಬೇಡಿ ಅತ್ತೆ" ಎಂದು ಹೋದ.

ಮದ್ರಾಸ್ ಬಂದರಿನ ಕಚೇರಿಯ ಗುಮಾಸ್ತ ತನ್ನ ಸಂಬಳ ವರ್ಷಕ್ಕೆ 20 ಪೌಂಡ್ ಎಂದು ಶುರುಮಾಡಿ, ಪುಟಗಟ್ಟಲೆ ಸೂತ್ರ ತುಂಬಿ, ಟ್ರಿನಿಟಿಯ ಗಣಿತಜ್ಞ ಜಿ.ಎಚ್. ಹಾರ್ಡಿಗೆ ಕಾಗದ ಬರೆದಿದ್ದು 1913ರ ಜನವರಿ 16ರಂದು. ಹಾರ್ಡಿ ಮತ್ತು ಅವರ ಜೊತೆಗಾರ ಗಣಿತಜ್ಞ ಲಿಟಲ್‌ವುಡ್ ಅದನ್ನು ಮುಂದಿಟ್ಟುಕೊಂಡು ಕೂತು, ಬರೆದವನು ಮೋಸಗಾರನಲ್ಲ, ಮಹಾ ಪ್ರತಿಭೆ ಎಂಬ ತೀರ್ಮಾನಕ್ಕೆ ಬಂದರು. ಸಮುದ್ರ ದಾಟುವುದು ಮಡಿವಂತ ಅಯ್ಯಂಗಾರ್ ಮನೆತನಕ್ಕೆ ಆಗದ ಮಾತು. ಕೊನೆಗೆ ನಾಮಕ್ಕಲ್ಲಿನ ನಾಮಗಿರಿ ತಾಯಿಯೇ ಕನಸಿನಲ್ಲಿ ಬಂದು ಒಪ್ಪಿಗೆ ಕೊಟ್ಟಳು ಎಂದು ಮನೆಯವರು ಹೇಳಿಕೊಂಡರು. 1914ರ ಮಾರ್ಚ್ 17ರಂದು ಹಡಗು ಹತ್ತಿದವರು ಏಪ್ರಿಲ್ 14ಕ್ಕೆ ಲಂಡನ್ ತಲುಪಿದರು.

ಮೊದಲು ಉಳಿದಿದ್ದು ನದಿಯಾಚೆ ಚೆಸ್ಟರ್‌ಟನ್ ರಸ್ತೆಯ ಮನೆಯಲ್ಲಿ. ಮದ್ರಾಸಿಗೇ ಹೋಗಿ ಅವರನ್ನು ಒಪ್ಪಿಸಿದ್ದ ಗಣಿತಜ್ಞ ಇ.ಎಚ್. ನೆವಿಲ್ ಅವರ ಮನೆ ಅದು. (ಅಂಗಳ ಕಟ್ಟಿಸಿದ ನೆವಿಲ್ ಬೇರೆ, ಮುನ್ನೂರು ವರ್ಷ ಹಿಂದಿನವನು.) ಈಗ ಅದು ವಾಹನಗಳ ಗಲಾಟೆಯ ರಸ್ತೆ. ಅಲ್ಲಿಂದ ಟ್ರಿನಿಟಿಗೆ ಬರುವ ಬ್ರಿಡ್ಜ್ ಸ್ಟ್ರೀಟ್ ಉದ್ದಕ್ಕೂ ನಿಧಾನವಾಗಿ ನಡೆದೆ. ದಾರಿಯಲ್ಲಿ ಪೋರ್ಚುಗಲ್ ಪ್ಲೇಸ್ ಎಂಬ ಕಿರುಗಲ್ಲಿ ಸಿಗುತ್ತದೆ. ಅಲ್ಲಿನ 17ನೇ ನಂಬರಿನ ಮನೆಯ ಗೋಡೆಯ ಮೇಲೆ ಕವಿ ಇಕ್ಬಾಲರ ಹೆಸರಿನ ಫಲಕ. ಅವರೂ ಟ್ರಿನಿಟಿಯವರೇ, 1905ರಲ್ಲಿ ಬಂದವರು. ಅವರು ಹೊರಟುಹೋದ 1907ರಲ್ಲೇ ನೆಹರೂ ಬಂದು ವಿಜ್ಞಾನಕ್ಕೆ ಸೇರಿದರು. ಮುಂದೆ ಎರಡು ದೇಶಗಳು ಪೂಜಿಸಿದ ಇಬ್ಬರು ಒಂದೇ ಊಟದ ಹಾಲಿನಲ್ಲಿ ಕೂತು ಎದ್ದವರು, ಕೆಲವೇ ತಿಂಗಳ ಅಂತರದಲ್ಲಿ.

ರಾಮಾನುಜನ್ 1914ರ ಬೇಸಿಗೆಯಲ್ಲಿ ಬಂದು ಸೇರಿದ್ದು ಹ್ಯುಯೆಲ್ಸ್ ಕೋರ್ಟಿಗೆ. ಹೆಬ್ಬಾಗಿಲಿನ ಎದುರು, ರಸ್ತೆಯಾಚೆಗಿದೆ. ಹಾರ್ಡಿಯ ಕೋಣೆಗೆ ನಡೆದರೆ ಕೆಲವೇ ನಿಮಿಷ, ಅದಕ್ಕೇ ಈ ಏರ್ಪಾಡು. ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಕಮಾನಿನಿಂದಲೇ ಇಣುಕಿದೆ: ಕಿರಿದಾದ ಕಲ್ಲಿನ ಅಂಗಳ, ಎತ್ತರದ ಗೋಡೆ, ಬಿಸಿಲು ಕಡಿಮೆ. ಬಾಗಿಲಲ್ಲಿದ್ದ ಪೋರ್ಟರಿಗೆ ನನ್ನ ಮುಖ ನೋಡಿಯೇ ತಿಳಿಯಿತೋ ಏನೋ, ಕೇಳುವ ಮೊದಲೇ "ರಾಮಾನುಜನ್?" ಅಂದ. ನನ್ನಂಥವರು ದಿನವೂ ಬರುತ್ತಾರೇನೋ.

ಇಲ್ಲೇ ಎಲ್ಲೋ ಒಂದು ಕೋಣೆಯಲ್ಲಿ ಅವರು ಸಾರು ಕುದಿಸುತ್ತಿದ್ದರು. ಕಾಲೇಜಿನ ಅಡುಗೆಯಲ್ಲಿ ಕೊಬ್ಬು ಬೆರೆತಿರಬಹುದೆಂಬ ಅನುಮಾನ. ಬಡಿಸಿದ ಆಲೂಗಡ್ಡೆಯನ್ನೂ ನಂಬಲಿಲ್ಲ. ಬಂದು ನಾಲ್ಕು ತಿಂಗಳಿಗೆ ಮಹಾಯುದ್ಧ ಶುರುವಾಯಿತು, ತರಕಾರಿಗೂ ತತ್ವಾರ. ಗಣಿತದಲ್ಲಿ ಮುಳುಗಿದರೆ ಹಗಲು ರಾತ್ರಿಯ ಲೆಕ್ಕವಿಲ್ಲ. ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಪಿ.ಸಿ. ಮಹಾಲನೋಬಿಸ್ ಒಂದು ದಿನ ಬಂದು, ರಾತ್ರಿ ಬೆಚ್ಚಗಿರುತ್ತದೆಯೇ ಎಂದು ಕೇಳಿದರು. ಇಲ್ಲ, ಓವರ್‌ಕೋಟು ಹಾಕಿ ಶಾಲು ಹೊದ್ದು ಮಲಗಿದರೂ ಚಳಿ ಎಂಬ ಉತ್ತರ. ಹೋಗಿ ನೋಡಿದರೆ, ಕಂಬಳಿಗಳೆಲ್ಲ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿಟ್ಟ ಹಾಗೇ ಇವೆ. ಅವುಗಳ ಒಳಗೆ ತೂರಿಕೊಂಡು ಮಲಗಬೇಕೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಸಣ್ಣ ಸಂಖ್ಯೆಗಳ ಮೊತ್ತವಾಗಿ ಒಡೆಯಬಹುದೆಂದು ಎಣಿಸುವ ಸೂತ್ರ ಕಂಡವರಿಗೆ ಹಾಸಿಗೆ ತೋರಿಸಿಕೊಡುವವರು ಸಿಕ್ಕಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.

1916ರಲ್ಲಿ ಸಂಶೋಧನೆಯ ಮೇಲೆ ಬಿ.ಎ. ಪದವಿ ಬಂತು. 1917ರಲ್ಲಿ ಕಾಯಿಲೆ ಬಿದ್ದು ಥಾಂಪ್ಸನ್ಸ್ ಲೇನಿನ ಶುಶ್ರೂಷಾಲಯ ಸೇರಿದರು. ಆ ಗಲ್ಲಿಗೂ ಹೋಗಿ ಬಂದೆ. ಅದೇ ವರ್ಷ ಹಾರ್ಡಿ ಅವರನ್ನು ಫೆಲೋಷಿಪ್ಪಿಗೆ ಸೂಚಿಸಿದರೆ ಕಾಲೇಜು ಒಪ್ಪಲಿಲ್ಲ. ಕಾರಣ ಒಂದೇ ಅಲ್ಲ. ಯುದ್ಧ ವಿರೋಧಿಸಿದ ಬರ್ಟ್ರಂಡ್ ರಸೆಲ್‌ನನ್ನು 1916ರಲ್ಲಿ ಇದೇ ಕಾಲೇಜು ಅಧ್ಯಾಪಕ ಹುದ್ದೆಯಿಂದ ತೆಗೆದುಹಾಕಿತ್ತು. ಹಾರ್ಡಿ ರಸೆಲ್ ಪಕ್ಷದವರು, ಅವರ ಸೂಚನೆ ಎಂದರೇ ಹಲವರಿಗೆ ಮೈಯುರಿ. ಅದರ ಮೇಲೆ ಮೈಬಣ್ಣದ ಮಾತು. ಕರಿಯನೊಬ್ಬ ಫೆಲೋ ಆಗುವುದನ್ನು ತಾನು ಒಪ್ಪುವುದಿಲ್ಲ ಎಂದವರೂ ಇದ್ದರೆಂದು ಲಿಟಲ್‌ವುಡ್ ಮುಂದೆ ನೆನಪಿಸಿಕೊಂಡಿದ್ದಾರೆ. 1918ರಲ್ಲಿ ರಾಯಲ್ ಸೊಸೈಟಿಯೇ ಅವರನ್ನು ಫೆಲೋ ಮಾಡಿಕೊಂಡ ಮೇಲೆ ಟ್ರಿನಿಟಿಗೆ ಇಲ್ಲವೆನ್ನಲು ಬಾಯಿರಲಿಲ್ಲ. ಆ ಅಕ್ಟೋಬರಿನಲ್ಲಿ, ಈ ಸಲ ಲಿಟಲ್‌ವುಡ್ ಮುಂದೆ ನಿಂತು, ಆಯ್ಕೆ ಮಾಡಿಸಿದರು. ಟ್ರಿನಿಟಿಯ ಮೊದಲ ಭಾರತೀಯ ಫೆಲೋ. ಹುಲ್ಲಿನ ಮೇಲೆ ನಡೆಯುವ ಹಕ್ಕು ಸಿಕ್ಕಾಗ ಅವರು ಆಸ್ಪತ್ರೆ ಪಾಲಾಗಿದ್ದರು. 1919ರಲ್ಲಿ ಊರಿಗೆ ಮರಳಿದರು, 1920ರ ಏಪ್ರಿಲ್ 26ರಂದು ಹೋಗಿಬಿಟ್ಟರು. ವಯಸ್ಸು 32.

ಇದೇ ಹ್ಯುಯೆಲ್ಸ್ ಕೋರ್ಟಿನ ಮೇಲ್ಮಹಡಿಯಲ್ಲಿ ಮುಂದೆ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಇದ್ದರು, ಅವರ ಕೆಳಗೆ ಕವಿ ಹೌಸ್‌ಮನ್. ಒಂದು ದಿನ ಹೊಟ್ಟೆ ಕೆಟ್ಟು ಒದ್ದಾಡುತ್ತಿದ್ದ ವಿಟ್ಗೆನ್‌ಸ್ಟೈನ್ ಕೆಳಗಿಳಿದು ಬಂದು ಕಕ್ಕಸು ಕೇಳಿದರೆ, ಕವಿ ತತ್ವದ ಕಾರಣ ಕೊಟ್ಟು ಕೊಡುವುದಿಲ್ಲ ಎಂದನೆಂಬ ಕಥೆ ಕೇಂಬ್ರಿಡ್ಜಿನಲ್ಲಿ ಓಡಾಡುತ್ತದೆ.

ಬುಧವಾರ

ಬೆಳಗ್ಗೆ ಚಾಪೆಲ್. ರಾಣಿ ಮೇರಿಯ ಕಾಲದಲ್ಲಿ ಶುರುವಾಗಿ ಎಲಿಜಬೆತ್ತಳ ಕಾಲದಲ್ಲಿ ಮುಗಿದ ಕಟ್ಟಡ. ಪ್ರಾರ್ಥನೆಯ ಭಾಗಕ್ಕಿಂತ ಮುಂಗಟ್ಟಿನಲ್ಲೇ ಜನ ನಿಲ್ಲುತ್ತಾರೆ, ಅಲ್ಲಿ ಆರು ಅಮೃತಶಿಲೆಯ ಮೂರ್ತಿಗಳಿವೆ. ರೂಬಿಲಿಯಾಕ್ 1755ರಲ್ಲಿ ಕಡೆದ ನ್ಯೂಟನ್ ಕೈಯಲ್ಲಿ ಪಟ್ಟಕ ಹಿಡಿದು ನಿಂತಿದ್ದಾನೆ. ಬೇಕನ್, ಬ್ಯಾರೋ, ಹ್ಯುಯೆಲ್, ಟೆನ್ನಿಸನ್ ಕೂತಿದ್ದಾರೆ. ಆರನೆಯವನು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ.

ಮೆಕಾಲೆ 1818ರಲ್ಲಿ ಟ್ರಿನಿಟಿಗೆ ಬಂದ, 1824ರಲ್ಲಿ ಫೆಲೋ ಆದ. ಗಣಿತ ಎಂದರೆ ಅವನಿಗೆ ವಾಕರಿಕೆ; ತಾಯಿಗೆ ಬರೆದ ಕಾಗದದಲ್ಲಿ ಮನಸಾರೆ ಬೈದಿದ್ದಾನೆ. ಗಣಿತದಲ್ಲಿ ಮುಗ್ಗರಿಸಿಯೇ ಆನರ್ಸ್ ಕಳೆದುಕೊಂಡ. 1834ರಲ್ಲಿ ಮದ್ರಾಸಿಗೆ ಬಂದಿಳಿದು, ಊಟಿಯಲ್ಲಿದ್ದ ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಹೊರಟ. ಹೋದ ದಾರಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು! ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ನಾಲ್ಕು ವರ್ಷ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಹುಡುಗನಾಗಿದ್ದಾಗಿನಿಂದ ಆ ಊರಿನ ಹೆಸರು ಮನೆಯಲ್ಲಿ ದಿನವೂ ಕೇಳಿಬರುತ್ತಿತ್ತು ಎಂದು ಅವನು ಬರೆದಿದ್ದಾನೆ. ನಮ್ಮ ಮಂಡ್ಯ ಸೀಮೆಯ ರಸ್ತೆಯ ಧೂಳು ಈ ಮನುಷ್ಯನ ಬೂಟಿಗೂ ಮೆತ್ತಿತ್ತು ಎಂದು ಆ ಮೂರ್ತಿಯ ಪಾದ ನೋಡುತ್ತಾ ನೆನೆದುಕೊಂಡೆ.

ಮರುವರ್ಷ, 1835ರ ಫೆಬ್ರವರಿ 2ರಂದು, ಅವನು ಭಾರತದ ಶಿಕ್ಷಣದ ಬಗ್ಗೆ ಟಿಪ್ಪಣಿ ಬರೆದ. ಸಂಸ್ಕೃತ, ಅರಬ್ಬಿ ಎರಡೂ ಬಾರದವನು ತಾನೆಂದು ಮೊದಲೇ ಒಪ್ಪಿಕೊಂಡು, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದೇ ಒಂದು ಕಪಾಟು ಭಾರತ ಮತ್ತು ಅರೇಬಿಯದ ಸಾಹಿತ್ಯಕ್ಕೆಲ್ಲ ಸಮ ಎಂದ. ಮೂವತ್ತಡಿ ಎತ್ತರದ ರಾಜರು, ಬೆಣ್ಣೆಯ ಸಮುದ್ರ ಎಂದೆಲ್ಲ ನಮ್ಮ ಪುರಾಣಗಳನ್ನು ಗೇಲಿ ಮಾಡಿದ. ಅವನ ದಾರಿಯಲ್ಲೇ ಬೆಳೆದ ಇಂಗ್ಲಿಷ್ ಪರೀಕ್ಷೆಗಳೇ ಮುಂದೆ ಕುಂಭಕೋಣದ ಕಾಲೇಜಿನಲ್ಲಿ ರಾಮಾನುಜನ್ ಅವರನ್ನು ಫೇಲು ಮಾಡಿದ್ದು. ಇಂಗ್ಲಿಷಿನಲ್ಲಿ ಪಾಸಾಗದೆ ವಿದ್ಯಾರ್ಥಿವೇತನ ಹೋಯಿತು. ಗಣಿತದಲ್ಲಿ ಮುಗ್ಗರಿಸಿದವನು ಮಾಡಿದ ಏರ್ಪಾಟಿನಲ್ಲಿ ಗಣಿತ ಬಿಟ್ಟು ಬೇರೇನೂ ಬಾರದವರು ನಪಾಸು. ಹಾಗೆಂದು ಅವನನ್ನು ಬೈದು ಮುಗಿಸುವಂತೆಯೂ ಇಲ್ಲ. ರಾಮಾನುಜನ್ ಹದಿಹರೆಯದಲ್ಲಿ ಉರುಹಚ್ಚಿದ ಕಾರ್ ಎಂಬಾತನ ಗಣಿತ ಪುಸ್ತಕ ಇಂಗ್ಲಿಷಿನದು, ಹಾರ್ಡಿಗೆ ಬರೆದ ಕಾಗದವೂ ಇಂಗ್ಲಿಷೇ. ನಾನು ಪಾಠ ಹೇಳಿ ಸಂಬಳ ತೆಗೆದುಕೊಂಡಿದ್ದೂ ಅದೇ ಏರ್ಪಾಟಿನಲ್ಲಿ. ಮೂರ್ತಿಯ ಎದುರು ನಿಂತಷ್ಟು ಹೊತ್ತೂ ಬೈಗುಳವೂ ಬರಲಿಲ್ಲ, ನಮಸ್ಕಾರವೂ ಬರಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ರೆನ್ ಲೈಬ್ರರಿ ತೆರೆಯುತ್ತದೆ, ಎರಡು ಗಂಟೆ ಮಾತ್ರ. ನೆವಿಲ್ಸ್ ಕೋರ್ಟಿನ ಕೊನೆಗೆ, ಹೊಳೆಯ ಕಡೆಗಿದೆ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೋಫರ್ ರೆನ್ ಇದರ ವಿನ್ಯಾಸ ಮಾಡಿದ. 1676ರಲ್ಲಿ ಕೆಲಸ ಹಿಡಿದು 1695ರಲ್ಲಿ ಮುಗಿಸಿದರು. ಮೆಟ್ಟಿಲು ಹತ್ತಿ ಒಳಹೊಕ್ಕರೆ ಕಪ್ಪು ಬಿಳುಪು ಕಲ್ಲಿನ ನೆಲ, ಎರಡೂ ಬದಿಗೆ ಮರದ ಕಪಾಟುಗಳ ಗೂಡುಗಳು, ಅವುಗಳ ಮೇಲೆ ಎತ್ತರದ ಕಿಟಕಿಗಳು. ಕಪಾಟುಗಳ ತುದಿಯಲ್ಲಿ ಗ್ರಿನ್‌ಲಿಂಗ್ ಗಿಬ್ಬನ್ಸ್ ಕೆತ್ತಿದ ಹೂವು, ಹಣ್ಣು, ಎಲೆ. ಮರವೆಂದು ನಂಬಿಕೆಯೇ ಬಾರದು. ಕೊನೆಯಲ್ಲಿ ಬೈರನ್ನನ ಅಮೃತಶಿಲೆ. ಅವನ ನಡತೆಯ ಕಾರಣಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಬೇಡವೆಂದಿದ್ದಕ್ಕೆ ಆ ಮೂರ್ತಿ ಇಲ್ಲಿಗೆ ಬಂತು.

ಗಾಜಿನ ಪೆಟ್ಟಿಗೆಗಳಲ್ಲಿ ಹಸ್ತಪ್ರತಿಗಳು. ಬೆಳಕು ತಾಗದಂತೆ ಮೇಲೆ ಹೊದಿಕೆ, ಎತ್ತಿ ನೋಡಿ ಮತ್ತೆ ಮುಚ್ಚಬೇಕು. ಚಲನೆ, ಗುರುತ್ವದ ನಿಯಮಗಳನ್ನು ಹೇಳಿದ ಪ್ರಿನ್ಸಿಪಿಯಾ ಎಂಬ ತನ್ನ ಗ್ರಂಥದ ಸ್ವಂತ ಪ್ರತಿಯಲ್ಲಿ ನ್ಯೂಟನ್ 1713ರ ಎರಡನೇ ಮುದ್ರಣಕ್ಕೆಂದು ಮಾಡಿಕೊಂಡ ತಿದ್ದುಪಡಿಗಳನ್ನು ಕಂಡೆ. ಗೀಟು ಹಾಕಿ, ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುಂಬಿ. ಮಿಲ್ಟನ್ ಕೈಬರಹ ಈ ಗ್ರಂಥಾಲಯದ್ದು, ಎ.ಎ. ಮಿಲ್ನ್ ಬರೆದ ಪೂ ಕರಡಿಯ ಕಥೆಯ ಹಸ್ತಪ್ರತಿಯೂ ಇಲ್ಲಿಯದೇ. ಮಿಲ್ನ್ ಈ ಕಾಲೇಜಿನ ಗಣಿತದ ವಿದ್ಯಾರ್ಥಿ. ಮಕ್ಕಳೆಲ್ಲ ಕರಡಿಯ ಹತ್ತಿರ, ಅಪ್ಪಂದಿರು ನ್ಯೂಟನ್ ಹತ್ತಿರ.

ನನಗೆ ಬೇಕಿದ್ದ ಕಾಗದಗಳು ಅವತ್ತು ಹೊರಗೆ ಇಟ್ಟಿರಲಿಲ್ಲ. ಆದರೆ ಅವು ಆ ಸೂರಿನ ಅಡಿಯಲ್ಲೇ ಇವೆ ಎಂದು ಗೊತ್ತಿತ್ತು. ರಾಮಾನುಜನ್ ಕೊನೆಯ ವರ್ಷ ಮದ್ರಾಸಿನಲ್ಲಿ ಹಾಸಿಗೆ ಹಿಡಿದೇ ಬರೆದ ಹಾಳೆಗಳು ಅವು. ಪತ್ನಿ ಜಾನಕಿಯಮ್ಮ ಗಂಡನ ಕಾಗದಗಳನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1923ರಲ್ಲಿ ಅಲ್ಲಿಂದ ಹಾರ್ಡಿಗೆ ಹೋದವು. ಹಾರ್ಡಿಯಿಂದ ಗಣಿತಜ್ಞ ಜಿ.ಎನ್. ವಾಟ್ಸನ್ ಕೈಸೇರಿದವು. ವಾಟ್ಸನ್ 1965ರಲ್ಲಿ ತೀರಿಕೊಂಡಾಗ ಅವರ ಓದುವ ಕೋಣೆಯ ನೆಲದ ಮೇಲೆ ಕಾಗದದ ರಾಶಿ. ಇನ್ನು ಕೆಲವು ದಿನದಲ್ಲಿ ಬೆಂಕಿಗೆ ಹಾಕುವುದಿತ್ತು. ಶ್ರದ್ಧಾಂಜಲಿ ಲೇಖನ ಬರೆಯಲು ಬಂದ ಗಣಿತಜ್ಞ ವಿಟಕರ್ ಆ ರಾಶಿಗೆ ಕೈಹಾಕಿದಾಗ ಇವು ಸಿಕ್ಕವು. ರ‍್ಯಾಂಕಿನ್ ಎಂಬುವರ ಮೂಲಕ 1968ರಲ್ಲಿ ಟ್ರಿನಿಟಿಗೆ ಬಂದು ಪೆಟ್ಟಿಗೆ ಸೇರಿದವು. ಏನೆಂದು ತೆರೆದು ನೋಡಿದವರಿಲ್ಲ. 1976ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಆಂಡ್ರ್ಯೂಸ್ ವಾಟ್ಸನ್ ಕಾಗದಗಳನ್ನು ನೋಡಲು ಬಂದು ಪೆಟ್ಟಿಗೆ ತೆರೆದರೆ, ನೂರಕ್ಕೂ ಹೆಚ್ಚು ಪುಟ, ಆರುನೂರಕ್ಕೂ ಹೆಚ್ಚು ಸೂತ್ರ, ಸಾಧನೆಯ ಹಂತಗಳಿಲ್ಲ, ವಿವರಣೆಯಿಲ್ಲ. ರಾಮಾನುಜನ್ 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಕಾಗದದಲ್ಲಿ ಹೇಳಿದ್ದ, ಮಾಕ್ ಥೀಟಾ ಎಂಬ ಹೊಸ ಬಗೆಯ ಫಲನಗಳು ಅಲ್ಲಿದ್ದವು. ಆಂಡ್ರ್ಯೂಸ್ ಆ ವಿಷಯದ ಮೇಲೇ ಪಿಎಚ್‌ಡಿ ಮಾಡಿದ್ದರಿಂದ ನೋಡಿದ ಕೂಡಲೇ ಗುರುತು ಹಿಡಿದರು. ಬೇರೆ ಯಾರಾದರೂ ತೆರೆದಿದ್ದರೆ ಮತ್ತೆ ಮುಚ್ಚಿಡುತ್ತಿದ್ದರೋ ಏನೋ.

ಯುರೋಪಿನ ಒಂದು ಕಪಾಟು ಅಂದನಲ್ಲ ಮೆಕಾಲೆ. ಅವನದೇ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಈ ಪೆಟ್ಟಿಗೆ ಎಂಟು ವರ್ಷ ಹೇಳಹೆಸರಿಲ್ಲದೆ ಕೂತಿತ್ತು.

ಆ ಹಾಳೆಗಳ ಪಡಿಯಚ್ಚು 1987ರಲ್ಲಿ, ರಾಮಾನುಜನ್ ನೂರನೇ ಹುಟ್ಟುಹಬ್ಬಕ್ಕೆ ಹೊರಬಂತು. ಮದ್ರಾಸಿನಲ್ಲಿ ಮೊದಲ ಪ್ರತಿಯನ್ನು ಜಾನಕಿಯಮ್ಮನ ಕೈಗೆ ಕೊಟ್ಟವರು ಪ್ರಧಾನಿ ರಾಜೀವ್ ಗಾಂಧಿ. ಅವರೂ ಟ್ರಿನಿಟಿಯಲ್ಲಿ ಓದಿದವರೇ, ಪದವಿ ಮುಗಿಸಲಿಲ್ಲ. ಜಾನಕಿಯಮ್ಮ ಅಷ್ಟು ವರ್ಷ ಬಟ್ಟೆ ಹೊಲಿದು, ಚಿಕ್ಕ ಪಿಂಚಣಿಯಲ್ಲಿ ಬದುಕು ಸಾಗಿಸಿದ್ದರು.

ಗುರುವಾರ

ಮಧ್ಯಾಹ್ನಕ್ಕೆ ಲಂಡನ್ ರೈಲು. ಬೆಳಗ್ಗೆ ಹುಡುಗ ರಜೆ ಹಾಕಿ ಹಂಟಿಂಗ್ಡನ್ ರಸ್ತೆಯಾಚೆಗಿನ ಅಸೆನ್ಷನ್ ಸ್ಮಶಾನಕ್ಕೆ ಕರೆದುಕೊಂಡು ಹೋದ. ಸಣ್ಣ ಜಾಗ, ಪೊದೆ ಬೆಳೆದಿದೆ, ಬೋರ್ಡು ಹುಡುಕಬೇಕು. ವಿಟ್ಗೆನ್‌ಸ್ಟೈನ್ ಸಮಾಧಿಗೆ ಹೆಸರು, ಇಸವಿ ಬಿಟ್ಟರೆ ಬೇರೇನಿಲ್ಲ. ಮೇಲೆ ಯಾರೋ ಇಟ್ಟ ಚಿಲ್ಲರೆ ಕಾಸು.

ನಾನು ನೋಡಬೇಕೆಂದಿದ್ದು ಎಡಿಂಗ್ಟನ್ನನ ಸಮಾಧಿ. 1919ರ ಸೂರ್ಯಗ್ರಹಣದಲ್ಲಿ, ಸೂರ್ಯನ ಬಳಿ ಬೆಳಕು ಬಾಗುತ್ತದೆ ಎಂಬ ಐನ್‌ಸ್ಟೈನ್ ಮಾತು ಸರಿ ಎಂದು ತೋರಿಸಿದ ಟ್ರಿನಿಟಿಯ ಖಗೋಳಜ್ಞ. ನಮ್ಮ ಸಿ.ವಿ. ರಾಮನ್ ಅವರ ಅಣ್ಣನ ಮಗ ಚಂದ್ರಶೇಖರ್ 1930ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಹಡಗಿನಲ್ಲಿ ಬರುವಾಗಲೇ ಶ್ವೇತಕುಬ್ಜಗಳ, ಎಂದರೆ ಉರಿದು ಮುಗಿದು ಕುಗ್ಗಿದ ನಕ್ಷತ್ರಗಳ, ತೂಕಕ್ಕೊಂದು ಮಿತಿ ಇದೆ, ಅದನ್ನು ಮೀರಿದ ನಕ್ಷತ್ರ ಕುಸಿಯುತ್ತಲೇ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದರು. 1933ರಲ್ಲಿ ಟ್ರಿನಿಟಿಯ ಫೆಲೋ ಆದರು, ರಾಮಾನುಜನ್ ಬಿಟ್ಟರೆ ಇವರೇ ಅಲ್ಲಿನ ಎರಡನೇ ಭಾರತೀಯ. ಎಡಿಂಗ್ಟನ್ ದಿನವೂ ಸಿಗುತ್ತಿದ್ದ, ಲೆಕ್ಕ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಚಂದ್ರಶೇಖರ್ ಪ್ರಬಂಧ ಓದಿ ಕೂತರು. ಮರುಕ್ಷಣವೇ ಎಡಿಂಗ್ಟನ್ ಎದ್ದು, ನಕ್ಷತ್ರ ಹೀಗೆ ನಡೆದುಕೊಳ್ಳದಂತೆ ತಡೆಯುವ ನಿಯಮ ಇರಲೇಬೇಕು ಎಂದು ಸಭೆಯನ್ನು ನಗಿಸಿದ. ಅಷ್ಟು ದಿನ ಜೊತೆಗಿದ್ದೂ ಒಂದು ಸುಳಿವು ಕೊಟ್ಟಿರಲಿಲ್ಲ. ಮರುವರ್ಷ ಚಂದ್ರಶೇಖರ್ ಊರಿಗೆ ಬಂದು, ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಲಲಿತಾ ಅವರನ್ನು ಮದುವೆಯಾಗಿ, ಷಿಕಾಗೋ ವಿಶ್ವವಿದ್ಯಾಲಯದ ಕೆಲಸ ಹಿಡಿದರು. ಆ ಲೆಕ್ಕ ಸರಿಯೆಂದು ಜಗತ್ತು ಒಪ್ಪಿ ನೊಬೆಲ್ ಬಂದಿದ್ದು 1983ರಲ್ಲಿ.

"ಆಮೇಲೆ ಇಬ್ಬರೂ ಮಾತು ಬಿಟ್ರಾ?" ಎಂದು ಹುಡುಗ ಕೇಳಿದ.

"ಇಲ್ಲ ಕಣೋ. ಸ್ನೇಹ ಕೊನೇವರೆಗೂ ಇತ್ತು. 1982ರಲ್ಲಿ ಎಡಿಂಗ್ಟನ್ ಹುಟ್ಟಿ ನೂರು ವರ್ಷ ಆದಾಗ ಟ್ರಿನಿಟಿಯವರು ಕರೆದರು. ಚಂದ್ರಶೇಖರ್ ಷಿಕಾಗೋದಿಂದ ಬಂದು ಅದೇ ಕಾಲೇಜಲ್ಲಿ ನಿಂತು, ತನ್ನ ಕಾಲದಲ್ಲಿ ಇವನಿಗಿಂತ ದೊಡ್ಡ ಖಭೌತಜ್ಞ ಇರಲಿಲ್ಲ ಅಂತ ಉಪನ್ಯಾಸ ಕೊಟ್ಟು ಹೋದರು."

ಅವನು ಸಮಾಧಿಯ ಮೇಲೆ ಬಿದ್ದಿದ್ದ ಎಲೆಗಳನ್ನು ಕಾಲಿನಿಂದ ಸರಿಸಿದ. "ನಾನಾಗಿದ್ರೆ ಬರ್ತಿರಲಿಲ್ಲ ಅತ್ತೆ."

ನಾನೂ ಬರುತ್ತಿರಲಿಲ್ಲ.